ಅಪ್ಪಣೆಗೆ ಹೆಸರು ಬೇಡವೆ?

ಸಿಂಧನೂರಿನಲ್ಲಿ ಭತ್ತದ ಅಡತಿ ಇಟ್ಟಿರುವ ನನ್ನ ಹಳೆಯ ಮಿತ್ರರೊಬ್ಬರು ಈಚೆಗೆ ವಕೀಲರನ್ನು ಕಾಣಲು ಲಿಂಗಸುಗೂರಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದೊಯ್ದರು. ಸಂಗತಿ ಇಷ್ಟು. ಅವರ ಮಗ ತಂದೆಯ ಮೊಬೈಲಿನಲ್ಲಿ ಸಹಾಯಕ ತಂತ್ರಾಂಶವೊಂದನ್ನು ಕೂಡಿಸಿ, ಬಂದ ಸಂದೇಶಗಳಿಗೆ ಉತ್ತರ ಬರೆಯುವ ಅಧಿಕಾರವನ್ನೂ ಅದಕ್ಕೇ ಒಪ್ಪಿಸಿದ್ದ. ಇವರು ಮಧ್ಯಾಹ್ನ ಮಲಗಿದ್ದಾಗ ಪರವೂರಿನ ವ್ಯಾಪಾರಿಯೊಬ್ಬರು ಇನ್ನೂರು ಚೀಲ ಸೋನಾ ಮಸೂರಿಗೆ ಒಂದು ದರ ಹೇಳಿ ಕೇಳಿದರು. ತಂತ್ರಾಂಶ ಬಲು ವಿನಯದಿಂದ ‘ಆಗಲಿ, ಲಾರಿ ಕಳಿಸಿ’ ಎಂದು ಬರೆದುಬಿಟ್ಟಿತು. ಲಾರಿ ಬಂತು. ದರ ಅಂದಿನ ಪೇಟೆಗಿಂತ ಕೆಳಗಿತ್ತು. ಭತ್ತವಾದರೂ ಇವರದಲ್ಲ, ಇವರನ್ನು ನಂಬಿ ತಂದು ಹಾಕಿದ ರೈತನದು.

“ನಾ ಹೇಳಿಲ್ರೀ, ಫೋನ್ ಹೇಳ್ಯದ” ಎಂದರು ಮಿತ್ರರು.

“ಫೋನ್ ಯಾರದ್ರೀ ಸಾಹುಕಾರ್ರ?” ಎಂದರು ವ್ಯಾಪಾರಿ.

ಇಂಥ ಸಹಾಯಕರಿಗೆ ಎಷ್ಟು ಸ್ವಾತಂತ್ರ್ಯ ಕೊಡಬೇಕೆಂದು ಈಗ ಎಲ್ಲೆಡೆಯೂ ಚರ್ಚೆ. ‘ಎಲ್ಲವನ್ನೂ ಅದಕ್ಕೆ ಬಿಡಿ, ನೀವು ಹಾಯಾಗಿರಿ’ ಎನ್ನುತ್ತಾರೆ ಮಾರುವವರು. ನಾನು ಹೇಳುವುದು ಇದಕ್ಕೆ ನೇರ ವಿರುದ್ಧ. ನಾಳೆ ಉತ್ತರ ಹೇಳಬೇಕಾದವನು ಯಾವನೋ, ಇಂದಿನ ಅಪ್ಪಣೆಯೂ ಅವನದೇ ಆಗಿರಬೇಕು. ನೋಡುವುದು, ಹುಡುಕುವುದು, ಲೆಕ್ಕ ಮಾಡುವುದು, ನೆನಪಿಸುವುದು, ಕರಡು ಬರೆಯುವುದು ಇವೆಲ್ಲ ಯಂತ್ರದ ಪಾಲಿಗಿರಲಿ. ಆದರೆ ನಮ್ಮ ಹೆಸರಿನಲ್ಲಿ ಮಾತು ಕೊಡುವುದು, ಹಣ ತೆರುವುದು, ದಾಖಲೆ ಅಳಿಸುವುದು ನಮ್ಮನ್ನು ಕೇಳದೆ ನಡೆಯಕೂಡದು. ಕರಡನ್ನು ಹರಿದೊಗೆಯಬಹುದು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ವಕೀಲರು ಹೇಳಿದ್ದೂ ಇದಕ್ಕೆ ಒತ್ತಾಸೆಯಾಗಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಒಬ್ಬನು ತಾನಾಗಿ ನಡೆಯುವಂತೆ ಏರ್ಪಡಿಸಿದ ಯಂತ್ರವ್ಯವಸ್ಥೆ ಕಳಿಸಿದ ಸಂದೇಶ ಅವನದೇ ಸಂದೇಶ. ಕೆನಡಾದ ವಿಮಾನ ಸಂಸ್ಥೆಯೊಂದು, ‘ಪ್ರಯಾಣಿಕನಿಗೆ ತಪ್ಪು ಹೇಳಿದ್ದು ನಮ್ಮ ಯಂತ್ರ, ಅದರ ಮಾತಿಗೆ ಅದೇ ಹೊಣೆ’ ಎಂದು ವಾದಿಸಿತ್ತಂತೆ. 2024ರ ಫೆಬ್ರವರಿಯಲ್ಲಿ ಅಲ್ಲಿಯ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ, ಸಂಸ್ಥೆಯಿಂದಲೇ ಪರಿಹಾರ ಕೊಡಿಸಿತು. ದೊಡ್ಡ ಸಂಸ್ಥೆಗೆ ದಕ್ಕದ ನೆಪ ಸಿಂಧನೂರಿನ ಅಡತಿಗೆ ದಕ್ಕೀತೆ?

ನಿಯಮಗಳನ್ನು ಹೊಸದಾಗಿ ಹುಡುಕುವ ತೊಂದರೆಯೂ ನಮಗಿಲ್ಲ. 1872ರ ಕರಾರು ಕಾಯ್ದೆಯಲ್ಲಿ ಮುಖ್ತ್ಯಾರನ ಕರ್ತವ್ಯಗಳನ್ನು ಹೇಳಿದೆ. ತೊಡಕು ಬಂದಾಗ ಯಜಮಾನನನ್ನು ಸಂಪರ್ಕಿಸಿ ಅವನ ಅಪ್ಪಣೆ ಪಡೆಯಲು ಶಕ್ತಿಮೀರಿ ಯತ್ನಿಸಬೇಕೆನ್ನುತ್ತದೆ 214ನೆಯ ಕಲಮು. ತಾನೇ ಮಾಡುವೆನೆಂದು ಒಪ್ಪಿಕೊಂಡ ಕೆಲಸವನ್ನು ಸಾಮಾನ್ಯವಾಗಿ ಇನ್ನೊಬ್ಬನ ತಲೆಗೆ ಕಟ್ಟಬಾರದೆನ್ನುತ್ತದೆ 190ನೆಯದು. ಅಡತಿಯಲ್ಲಿ ಮೂವತ್ತು ವರ್ಷ ದುಡಿದ ಗುಮಾಸ್ತ ಈ ಕಾಯ್ದೆ ಓದಿದವನಲ್ಲ. ಆದರೂ ದರ ಕೂಡಿಸುವ ಮುನ್ನ ಒಳಗೆ ಬಂದು “ಏನಂತೀರಿ ಧಣಿ?” ಎಂದು ಕೇಳುತ್ತಾನೆ. ತಪ್ಪಿದರೆ ನಾಳೆ ಪೇಟೆಯಲ್ಲಿ ಮುಖ ತೋರಿಸಬೇಕಲ್ಲ! ತಂತ್ರಾಂಶಕ್ಕೆ ಆ ಭಯವಿಲ್ಲ. ಕಳೆದುಕೊಳ್ಳಲು ಮುಖವೇ ಇಲ್ಲ.

“ಎಲ್ಲಕ್ಕೂ ಕೇಳ್ತಾ ಕುಂತ್ರ ಅದು ಇದ್ದು ಏನು ಉಪಯೋಗ್ರೀ, ಕಾಕಾ?” ಎಂದು ಮಿತ್ರರ ಮಗ ನನ್ನನ್ನೇ ಕೇಳಿದ. ಹುಡುಗನ ಮಾತಿನಲ್ಲಿ ಹುರುಳಿದೆ. ದಿನಕ್ಕೆ ನೂರು ಸಲ ಕೇಳಿದರೆ ನೂರು ಸಲವೂ ಕಣ್ಣುಮುಚ್ಚಿ ‘ಹೂಂ’ ಒತ್ತುವುದೇ ಮನುಷ್ಯ ಸ್ವಭಾವ. ಆ ಒಪ್ಪಿಗೆಗೆ ಬೆಲೆಯಿಲ್ಲ. ಆದ್ದರಿಂದಲೇ ಕೇಳುವುದು ಕಡಿಮೆಯಿರಲಿ, ಹಿಂದಕ್ಕೆ ಪಡೆಯಲಾಗದ ಕೆಲಸಕ್ಕೆ ಮಾತ್ರ ತಪ್ಪದೆ ಕೇಳಲಿ ಎಂಬುದು ನನ್ನ ಪಕ್ಷ. ಇದು ಆಗದ ಮಾತಲ್ಲ. ಕಾರ್ಡಿನ ಮೇಲೆ ತಾನಾಗಿ ಕಡಿತವಾಗುವ ಚಂದಾವನ್ನು 24 ತಾಸು ಮೊದಲೇ ತಿಳಿಸಬೇಕೆಂಬ ರಿಜರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಅದರಿಂದ ಯಾವ ವ್ಯಾಪಾರ ಮುಳುಗಿತು?

ಮುಳುಗಿಸುವುದು ಬೇರೆ ಇದೆ. ಒಂದೇ ಗುಂಡಿ ಒತ್ತಿಸಿಕೊಂಡು ನಮ್ಮ ಓಲೆ, ವಿಳಾಸ, ಹಣದ ಚೀಲಗಳ ಬೀಗದ ಕೈಯನ್ನೆಲ್ಲ ಕಸಿದುಕೊಳ್ಳುವ ಒಪ್ಪಿಗೆ ಪತ್ರ ಅದು. ಮುಖ್ತ್ಯಾರ ಪತ್ರವನ್ನು ಬರೆದುಕೊಡುವವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವುದು ವಾಡಿಕೆ. ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆದ ಈ ಪತ್ರವನ್ನು ನಮ್ಮ ಸಾಹುಕಾರರಿಗೆ ಓದಿ ಹೇಳಿದವರು ಯಾರು?

ಹಿಂದಿರುಗುವಾಗ ಮಸ್ಕಿಯಲ್ಲಿ ಇಳಿದು ಗುಡ್ಡದ ಬಂಡೆಯ ಶಾಸನ ನೋಡಿದೆವು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಅದನ್ನು ಕಂಡುಹಿಡಿಯುವವರೆಗೆ ತಿಳಿದಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಪ್ಪಣೆ ಅಶೋಕನದೆಂದು ಹೆಸರು ಹಿಡಿದು ಹೇಳಿದ್ದು ಮಸ್ಕಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡನೂ ತನ್ನ ಹೆಸರು ಬರೆದಿದ್ದಾನೆ. ಲಿಪಿಕಾರನಿಂದ ತಪ್ಪಾಗಿರಬಹುದೆಂದು ಅರಸನೇ ತನ್ನ ಹದಿನಾಲ್ಕನೆಯ ಶಾಸನದಲ್ಲಿ ಒಪ್ಪಿಕೊಂಡಿದ್ದಾನೆ. ಅಪ್ಪಣೆ ಯಾರದು, ಬರೆದವರು ಯಾರು, ತಪ್ಪು ಎಲ್ಲಿಂದ ಬಂದೀತು, ಮೂರೂ ಆ ಕಾಲಕ್ಕೇ ಸ್ಪಷ್ಟವಿದ್ದವು. ನಮ್ಮ ಜೇಬಿನ ಲಿಪಿಕಾರನೂ ‘ಇದು ಯಂತ್ರ ಬರೆದದ್ದು, ಇಂಥವರ ಅಪ್ಪಣೆಯಿಂದ’ ಎಂದು ಕೆಳಗೆ ಬರೆಯಲಿ. ಅಪ್ಪಣೆ ಇಲ್ಲದಿದ್ದರೆ ಸುಮ್ಮನಿರಲಿ.

ಮಿತ್ರರು ಮಾತಿಗೆ ತಪ್ಪಲಿಲ್ಲ. ಒಪ್ಪಿದ ದರಕ್ಕೇ ಚೀಲ ತುಂಬಿಸಿ ಕಳಿಸಿದರು. ರೈತನಿಗೆ ಪೇಟೆಯ ದರ ಕೊಟ್ಟು ವ್ಯತ್ಯಾಸವನ್ನು ಕೈಯಿಂದ ತುಂಬಿದರು. ಆಡದ ಮಾತಿಗೆ ಅವರು ತೆತ್ತ ದಂಡ ಅದು. ಆಡಿದ ತಂತ್ರಾಂಶವೂ ಅದನ್ನು ಮಾರಿದವರೂ ಒಂದು ದುಗ್ಗಾಣಿ ಕೊಡಲಿಲ್ಲ.