ಲೇಔಟ್ ನಕ್ಷೆಯಲ್ಲಿ ಹಳದಿ ಬಣ್ಣ ಇದ್ದರೆ ಸೈಟು ಸಕ್ರಮವೇ?

ನಂಜನಗೂಡು, ಟಿ. ನರಸೀಪುರ ಕಡೆಯ ಸೈಟುಗಳ ಬಣ್ಣಬಣ್ಣದ ನಕ್ಷೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. 'ಹಳದಿ ಇದೆ ನೋಡಿ ಸಾರ್, ವಸತಿ ವಲಯ' ಎಂಬ ಮಾತೂ ಜೊತೆಗಿರುತ್ತದೆ. ಬಣ್ಣ ನಂಬಿ ಅಡ್ವಾನ್ಸ್ ಕೊಡಬಹುದೇ? ಕೊಡಬೇಡಿ. ಕಾರಣ, ಅಂಥ ನಕ್ಷೆ ತಯಾರಾಗುವ ರೀತಿಯಲ್ಲೇ ಇದೆ.

ಲೇಔಟ್ ನಕ್ಷೆ ಬರೆಯಲು ಆಟೋಕ್ಯಾಡ್‌ನಂಥ ಸಾಫ್ಟ್‌ವೇರ್ ಬಳಸುತ್ತಾರೆ. ಅದರಲ್ಲಿ ಬಣ್ಣ ಎಂದರೆ ಒಂದು ಸಂಖ್ಯೆ: 1 ಕೆಂಪು, 2 ಹಳದಿ, 3 ಹಸಿರು, 5 ನೀಲಿ. 7ರದ್ದು ತಮಾಷೆ: ಕಪ್ಪು ಪರದೆಯ ಮೇಲೆ ಬಿಳಿ, ಬಿಳಿ ಹಿನ್ನೆಲೆಯಲ್ಲಿ ಕಪ್ಪು. 256 ಎಂದು ಕೊಟ್ಟರೆ 'ನನ್ನ ಲೇಯರ್‌ಗೆ ಯಾವ ಬಣ್ಣವೋ ನನಗೂ ಅದೇ' ಎಂದರ್ಥ. ಸಾವಿರ ಸೈಟುಗಳಿಗೆ ಒಂದೊಂದಾಗಿ ಬಣ್ಣ ಬಳಿಯುವ ಕಷ್ಟವೂ ಇಲ್ಲ. ಮೌಸ್ ಮುಟ್ಟದೆ, ಪುಟ್ಟ ಪ್ರೋಗ್ರಾಂ ಬರೆದು ಸಾಫ್ಟ್‌ವೇರ್‌ಗೆ ಆಜ್ಞೆ ಕೊಡುವ ವ್ಯವಸ್ಥೆ ಇದೆ. ಅದಕ್ಕೆ ಎಪಿಐ ಎನ್ನುತ್ತಾರೆ. ಲೇಯರ್‌ನ ಸಂಖ್ಯೆಯನ್ನು 3ರಿಂದ 2ಕ್ಕೆ ಬದಲಿಸಿದರೆ ಸಾಕು, ಅದನ್ನು ಅನುಸರಿಸುವ ಹಸಿರೆಲ್ಲ ಕ್ಷಣದಲ್ಲಿ ಹಳದಿ. ಇದು ಮೋಸದ ತಂತ್ರವಲ್ಲ, ಎಂಜಿನಿಯರ್‌ಗಳ ದಿನನಿತ್ಯದ ಅನುಕೂಲ. ಆದರೆ ನೆಲದ ಮೇಲಿನ ಗದ್ದೆ ಗದ್ದೆಯಾಗಿಯೇ ಉಳಿದಿರುತ್ತದೆ.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ? ಇದೆ, ಸರ್ಕಾರ ಒಪ್ಪಿದ ಮಾಸ್ಟರ್ ಪ್ಲಾನ್‌ನಲ್ಲಿ. ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ 2031ರ ಮಾಸ್ಟರ್ ಪ್ಲಾನ್ ಇದೆ. ನಮ್ಮ ದೇಶದ ರೂಢಿಯಲ್ಲಿ ಹಳದಿ ವಸತಿಗೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ, ಹಸಿರು ಉದ್ಯಾನಕ್ಕೆ. ನೀಲಿ ಕಂಡ ಕೂಡಲೇ ಕಪಿಲೆ ಹರಿಯುತ್ತಾಳೆ ಎಂದುಕೊಳ್ಳಬೇಡಿ! ಅಮೆರಿಕದ ರೂಢಿಯಲ್ಲಂತೂ ವಾಣಿಜ್ಯಕ್ಕೆ ಕೆಂಪು. ಹಾಗಾಗಿ ಮೂಲೆಯಲ್ಲಿರುವ ಬಣ್ಣಸೂಚಿ ಓದದೆ ನಕ್ಷೆ ಓದಲಾಗದು. ಫಾರ್ವರ್ಡ್ ಆಗಿ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ಕತ್ತರಿಸಿ ಹೋಗಿರುವುದು ಸಾಮಾನ್ಯವಾಗಿ ಅದೇ.

ಇನ್ನೊಂದು ವಿಷಯ. ಅಸಲಿ ಮಾಸ್ಟರ್ ಪ್ಲಾನ್‌ನಲ್ಲೇ ಹಳದಿ ಇದ್ದರೂ ಆ ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಾಗುವುದಿಲ್ಲ. ಜಮೀನನ್ನು ಸೈಟುಗಳಾಗಿ ವಿಂಗಡಿಸಲು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆಯಡಿ ಪ್ರತ್ಯೇಕ ಅನುಮತಿ ಬೇಕು. ಮಾರುವವರಲ್ಲಿ ಸರ್ವೆ ನಂಬರ್, ಅನುಮೋದಿತ ಲೇಔಟ್ ನಕ್ಷೆಯ ಆದೇಶ ಸಂಖ್ಯೆ ಮತ್ತು ದಿನಾಂಕ ಕೇಳಿ. ಪಹಣಿಯನ್ನು ಭೂಮಿ ಜಾಲತಾಣದಲ್ಲಿ ನೀವೇ ನೋಡಬಹುದು. ಟಿ. ನರಸೀಪುರದ ಸೈಟಾದರೆ, ಅಲ್ಲಿಗೆ ಯಾವ ಪ್ರಾಧಿಕಾರದ ನಕ್ಷೆ ಅನ್ವಯಿಸುತ್ತದೆ ಎಂದು ಮೊದಲು ವಿಚಾರಿಸಿ, ಆದೇಶದ ಪ್ರತಿಯನ್ನು ಅದೇ ಕಚೇರಿಯಲ್ಲಿ ತಾಳೆ ನೋಡಿ.