ಮುಗಿಲಿನ ಕಣ್ಣೂ ಮೇರೆಯ ಸುಣ್ಣವೂ

ಕುಂದಗೋಳ ತಾಲೂಕಿನ ಕುಬಿಹಾಳದಂತಹ ಊರಿನಲ್ಲಿ ಒಕ್ಕಲಿಗನ ಹೊಲಕ್ಕೆ ಉತಾರವುಂಟು. ಅವನು ಮಲಗುವ ಮನೆಗೆ ಮೋಜಣಿಯ ಆಧಾರವುಳ್ಳ ಪತ್ರವು ತಲೆಮಾರುಗಳವರೆಗೆ ಇರಲಿಲ್ಲ. ಕಾರಣವು ಗೂಢವಾದುದಲ್ಲ. ಹಿಂದಿನ ಮುಂಬಯಿ ಇಲಾಖೆಯ ಮೋಜಣಿದಾರರು 33 ಅಡಿಯ ಸರಪಳಿಯನ್ನು ಹಿಡಿದು ಬಂದುದು ಕಂದಾಯಕ್ಕಾಗಿ. ಸರಪಳಿಗೆ 16 ಆಣೆ, ಸರಪಳಿಯ ಚೌಕಕ್ಕೆ ಒಂದು ಗುಂಟೆ, 40 ಗುಂಟೆಗೆ ಎಕರೆ. ಹೀಗೆ ಹೊಲಕ್ಕೆ ನಂಬರು ಬಂದಿತು, ಬಾಂದುಗಲ್ಲು ಬಂದಿತು. ಗಾವಠಾಣವು ಮಾತ್ರ ನಕಾಶೆಯಲ್ಲಿ ಒಂದೇ ತುಂಡಾಗಿ ಉಳಿಯಿತು.

ಈ ಕೊರತೆಯನ್ನು ನೀಗಲು ಕೇಂದ್ರ ಸರಕಾರವು 2020ನೆಯ ಎಪ್ರಿಲ್ 24ರಂದು ಸ್ವಾಮಿತ್ವ ಯೋಜನೆಯನ್ನು ಸಾರಿ, ಡ್ರೋನುಗಳಿಂದ ಹಳ್ಳಿಗಳ ಚಿತ್ರ ತೆಗೆಯಿಸತೊಡಗಿತು. ಮೊದಲ ಪ್ರಾಂತಗಳಲ್ಲಿ ನಮ್ಮ ಕರ್ನಾಟಕವೂ ಒಂದು.

ನೆಲವನ್ನಳೆಯಲು ಮುಗಿಲನ್ನೇರುವ ಯೋಚನೆಯು ವಿಮಾನಕ್ಕಿಂತ ಹಳೆಯದೆಂಬುದನ್ನು ನಮ್ಮ ವಾಚಕರು ಅರಿಯಬೇಕು. ಪ್ಯಾರಿಸಿನ ಛಾಯಾಚಿತ್ರಕಾರನಾದ ನಾದಾರನು 1858ರಲ್ಲಿ ಬೆಲೂನಿನಿಂದ ಭೂಮಿಯ ಚಿತ್ರ ತೆಗೆದನು. ಮೊದಮೊದಲು ಅವನ ಗಾಜಿನ ಫಲಕಗಳೆಲ್ಲ ಕಪ್ಪಾಗಿ ಹೋದುವು. ಬೆಲೂನಿನ ಬಾಯಿಂದ ಸೋರುವ ಅನಿಲವೇ ಅವನ್ನು ಕೆಡಿಸುತ್ತಿದೆಯೆಂದು ತಿಳಿದು ಅದನ್ನು ಮುಚ್ಚಿದ ಮೇಲೆ ಚಿತ್ರವು ಮೂಡಿತು. ಮೊದಲನೆಯ ಮಹಾಯುದ್ಧದಲ್ಲಿ ಶತ್ರುಗಳ ಕಂದಕಗಳನ್ನು ಹುಡುಕಿದ ವಿಮಾನದ ಕ್ಯಾಮರಾಗಳು ತರುವಾಯ ನಕಾಶೆಯ ಕೆಲಸಕ್ಕೆ ತಿರುಗಿದವು. ಆಗ ಹಿಂದುಸ್ಥಾನದ ಆಡಳಿತಕ್ಕೆ ಸೇರಿದ್ದ ಬ್ರಹ್ಮದೇಶದಲ್ಲಿ, ಐರಾವತಿಯ ನದೀಮುಖದ ಅಡವಿಗಳನ್ನು 1924ರಲ್ಲಿ ವಿಮಾನದಿಂದಲೇ ಮೋಜಣಿ ಮಾಡಿದರು.

ಅಡವಿಯ ಮಾತು ಬೇರೆ, ಊರಿನ ಮಾತು ಬೇರೆ. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಹೆಗಲು ಹಚ್ಚಿ ನಿಂತಿರುತ್ತವೆ. ಅಣ್ಣತಮ್ಮಂದಿರು ಬೇರೆಯಾದಾಗ ಗೋಡೆಯು ಒಳಗೆ ಏಳುತ್ತದೆ. ಮೇಲೆ ಮಾಳಿಗೆಯು ಒಂದೇ ಇರುತ್ತದೆ. ಮುಗಿಲಿನ ಕಣ್ಣಿಗೆ ಬೆಳಕಿಂಡಿ ಕಂಡೀತು, ನಡುಗೋಡೆ ಕಾಣಲಾರದು. ಆದುದರಿಂದಲೇ ಡ್ರೋನು ಹಾರುವ ಮುನ್ನ ಮೇರೆಗಳಿಗೆ ಸುಣ್ಣದ ಗೆರೆಯನ್ನೆಳೆಯುವ ಕ್ರಮವನ್ನಿಟ್ಟಿದ್ದಾರೆ. ನಕಾಶೆಗೆ ಏರುವುದು ಆ ಗೆರೆಯೇ.

ಹೀಗಿರಲು, ಸುಣ್ಣವೆಳೆಯುವ ದಿವಸ ಮನೆಯವರು ಅಲ್ಲಿರದಿದ್ದರೆ ಯಂತ್ರದ ನಿಪುಣತೆಯೆಲ್ಲವೂ ವ್ಯರ್ಥವೇ ಸರಿ. ಮೋಜಣಿಯು ಇನ್ನೂ ಆಗದಿರುವ ಊರುಗಳಲ್ಲಿ ಆ ದಿವಸವನ್ನು ವಾರ ಮೊದಲೇ ಡಂಗುರದಿಂದ ಸಾರತಕ್ಕದ್ದು. ಬಿತ್ತಿಗೆಯ ಕಾಲವನ್ನೂ ಸಂತೆಯ ದಿನವನ್ನೂ ಬಿಡತಕ್ಕದ್ದು. ದುಡಿಯಲು ಹುಬ್ಬಳ್ಳಿಗೋ ಗೋವೆಗೋ ಹೋದವರಿಗೆ ಸುದ್ದಿ ಮುಟ್ಟಬೇಕು. ಬಾಯಿಮಾತಿನಿಂದ ಪಾಲು ಪಡೆದ ವಿಧವೆಯ ಮೇರೆಯನ್ನು ಮೈದುನನು ತೋರಿಸಿದರೆ ಸಾಲದು. ಆಕೆಯೇ ನಿಂತು ತೋರಿಸಬೇಕು.

ನಮ್ಮ ಶಿಕ್ಷಕ ಬಂಧುಗಳಿಗೆ ಇಲ್ಲಿ ಕೆಲಸವುಂಟು. ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಮೋಡಿ ಲಿಪಿಯ ಹಳೆಯ ಕಾಗದಗಳಿವೆ. ಒಡೆಯನಿಗೇ ಅವು ಓದಲು ಬಾರವು. ಅಂಥ ಗತಿಯು ಹೊಸ ಪತ್ರಕ್ಕೆ ಬರಬಾರದು. ಕರಡು ನಕಾಶೆಯನ್ನು ಶಾಲೆಯ ಗೋಡೆಗೆ ಹಚ್ಚಿ, ಮನೆಮನೆಯ ಹೆಸರನ್ನು ತಿಳಿಗನ್ನಡದಲ್ಲಿ ಓದಿ ಹೇಳಿ, ತಕರಾರುಗಳನ್ನು ಅವಧಿಯೊಳಗೆ ಬರೆಯಿಸಿಕೊಡಬೇಕೆಂದು ಅವರನ್ನು ಬೇಡುತ್ತೇವೆ.