ಲಂಗರಿನ ರಾತ್ರಿ

ಗಂಡಹೆಂಡಿರಿಬ್ಬರೇ ಹಾಯಿದೋಣಿಯೊಂದನ್ನೇರಿ ಕಡಲತೀರದುದ್ದಕ್ಕೂ ವಿಹರಿಸುವರೆಂದೊಡನೆ ಓದುಗರ ಕಣ್ಣ ಮುಂದೆ ಬೆಳ್ದಿಂಗಳು, ತಂಗಾಳಿ, ಚುಕ್ಕಾಣಿಗೊರಗಿದ ನಾಯಕ, ಪಕ್ಕದಲ್ಲಿ ಮುಂಗುರುಳು ಹಾರಾಡುವ ನಾಯಕಿ ಮೂಡುವುದು ಸಹಜ. ಧಾರಾವಾಹಿಗಳಿಗೆ ಚಿತ್ರ ಬರೆಯುವವರು ಅದನ್ನೇ ಬರೆದು ಅಭ್ಯಾಸ ಮಾಡಿಸಿದ್ದಾರೆ. ಆದರೆ ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಬೇಸಗೆಯ ರಜೆಯನ್ನು ಹೀಗೆ ಕಳೆಯುವ ದಂಪತಿಗಳಿಗೆ ಹಗಲಿನ ಪಯಣ ಅಷ್ಟು ದೊಡ್ಡ ಸಂಗತಿಯಲ್ಲ. ಸಂಜೆಗೆ ಎಲ್ಲಿ ತಂಗುವುದು, ತಂಗಿದಲ್ಲಿ ಬೆಳಗಿನವರೆಗೆ ಇರಬಹುದೇ ಎಂಬುದೇ ಅವರ ದಿನದ ದೊಡ್ಡ ಚಿಂತೆ.

ಈ ಬಗೆಯ ವಿಹಾರಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟವರಲ್ಲಿ ಎರಿಕ್ ಹಿಸ್ಕಾಕ್ ಪ್ರಮುಖರು. ಅವರ 'ಕ್ರೂಸಿಂಗ್ ಅಂಡರ್ ಸೇಲ್' ಎಂಬ ಗ್ರಂಥ 1950ರಲ್ಲಿ ಹೊರಬಂದಿತು. ಪತ್ನಿ ಸೂಸನ್‌ರೊಡನೆ 30 ಅಡಿ ಉದ್ದದ 'ವಾಂಡರರ್ 3' ದೋಣಿಯಲ್ಲಿ 1952ರಿಂದ 1955ರವರೆಗೆ ಅವರು ಭೂಮಂಡಲವನ್ನೇ ಸುತ್ತಿ ಬಂದರು. ಸೋಜಿಗವೆಂದರೆ ಎರಿಕ್ ಅವರ ದೃಷ್ಟಿ ಬಹಳ ಮಂದವಾಗಿತ್ತು. ಅಂಥವರು ಕತ್ತಲಲ್ಲಿ ದಡದ ದೀಪವನ್ನು ಗುರುತಿಸಬೇಕಾದರೆ ಜೊತೆಯಲ್ಲಿ ಇನ್ನೊಂದು ಜೋಡಿ ಕಣ್ಣು ಇರಲೇಬೇಕು. ದಾಂಪತ್ಯದಲ್ಲಿ ಒಬ್ಬರ ಕಣ್ಣು ಇನ್ನೊಬ್ಬರದೆನ್ನುವುದು ಮದುವೆಯ ಭಾಷಣಗಳಲ್ಲಿ ಅಲಂಕಾರ. ದೋಣಿಯಲ್ಲಿ ಅದು ಬರಿಯ ವಾಚ್ಯಾರ್ಥ.

ಲಂಗರು ಹಾಕುವುದೆಂದರೆ ಕಬ್ಬಿಣದ ಕೊಕ್ಕೆಯೊಂದನ್ನು ನೀರಿಗೆಸೆದು ಉಣ್ಣಲು ಕೂರುವುದಲ್ಲ. ಮೊದಲು ನೀರಿನ ಆಳವನ್ನು ಅಳೆಯಬೇಕು. ಹಿಂದಿನವರು ಹಗ್ಗಕ್ಕೆ ಕಟ್ಟಿದ ಸೀಸದ ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತಿ ಇಳಿಬಿಡುತ್ತಿದ್ದರು. ಮೇಲೆತ್ತಿದಾಗ ಅದಕ್ಕೆ ಕೆಸರೋ ಮರಳೋ ಅಂಟಿದ್ದರೆ ಲಂಗರು ನಾಟೀತು. ಏನೂ ಅಂಟದೆ ಬಂದರೆ ಕೆಳಗೆ ಬಂಡೆಯಿರಬಹುದು, ಬೇರೆಡೆ ನೋಡಬೇಕು. ಆಮೇಲೆ ಉಬ್ಬರವಿಳಿತದ ಲೆಕ್ಕ. ಕಾರ್ನ್‌ವಾಲಿನಲ್ಲಿ, ಓಕ್ ಮರಗಳು ನೀರಿನವರೆಗೂ ಬಾಗಿರುವ ಹೆಲ್ಫರ್ಡ್ ಅಳಿವೆಯಲ್ಲಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಸುಮಾರು 15 ಅಡಿ ಏರಿಳಿಯುತ್ತದೆ. ಇಳಿತದ ವೇಳೆಯಲ್ಲಿ ಎರಡು ಮಾರು, ಎಂದರೆ 12 ಅಡಿ ಆಳವಿದ್ದಲ್ಲಿ ಉಬ್ಬರಕ್ಕೆ 27 ಅಡಿಯಾಯಿತು. ಸರಪಳಿ ಅದರ ಮೂರು ಪಟ್ಟಾದರೂ ಇರಬೇಕು: 81 ಅಡಿ. ಕಡಲತಳದಲ್ಲಿ ಮಲಗಿದ ಸರಪಳಿಯ ಭಾರವೇ ಎಳೆತವನ್ನು ಅಡ್ಡಲಾಗಿರಿಸಿ ಲಂಗರನ್ನು ಕೀಳಗೊಡದೆ ಕಾಯುವುದು. ಸಂಜೆಯ ಲೆಕ್ಕ ತಪ್ಪಿದರೆ ನಡುರಾತ್ರಿ ನೀರೇ ತಿದ್ದುತ್ತದೆ. ಉಪಾಧ್ಯಾಯರಷ್ಟು ತಾಳ್ಮೆ ಅದಕ್ಕಿಲ್ಲ.

ಲೆಕ್ಕ ಸರಿಯಿದ್ದೂ ಕೆಡುವ ತಾಣಗಳುಂಟು. ಡಾರ್ಸೆಟ್ ಸೀಮೆಯ ಲಲ್ವರ್ತ್ ಅಂಥದು. ಹೆಚ್ಚುಕಡಮೆ ದುಂಡಾದ ಕಿರುಕೊಲ್ಲಿ, ಹಿಂಬದಿಗೆ ಸೀಮೆಸುಣ್ಣದ ಬೆಳ್ಳನೆಯ ಗೋಡೆ, ಮುಂದೆ ದಕ್ಷಿಣಕ್ಕೆ ಬಂಡೆಗಳ ನಡುವೆ ಒಂದು ಇಕ್ಕಟ್ಟಾದ ಬಾಯಿ. ಬಡಗಣ ಗಾಳಿಯಿರುವಾಗ ಇದಕ್ಕಿಂತ ಸೊಗಸಾದ ತಂಗುದಾಣವಿಲ್ಲ. ಗಾಳಿ ದಕ್ಷಿಣಕ್ಕೆ ತಿರುಗಿತೋ, ಕಡಲಿನ ಅಲೆ ನೇರವಾಗಿ ಒಳನುಗ್ಗುತ್ತದೆ. ಆಗ ಹೊರಬೀಳಬೇಕಾದರೆ ಅದೇ ಇಕ್ಕಟ್ಟಾದ ಬಾಯಿಯಲ್ಲಿ ಗಾಳಿಗೆ ಎದುರಾಗಿ ಹೋಗಬೇಕು. ಗಾಳಿ ಬಲಿಯುವ ಮುನ್ನ ಹೊರಟರೆ ಹೊರಟಂತೆ.

ಅಂಥ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಎರಡು ಗಂಟೆಯ ಸಮಯ. ಹೆಂಡತಿಗೆ ಎಚ್ಚರವಾಗುತ್ತದೆ. ತಟ್ಟೆಲೋಟಗಳು ಗೂಡಿನಲ್ಲಿ ಮೆಲ್ಲಗೆ ಸದ್ದುಮಾಡುತ್ತಿವೆ. ಮೇಲೆ ಬಂದು ನೋಡಿದರೆ ಸಂಜೆ ಕೊಲ್ಲಿಯ ಬಾಯಿಯತ್ತ ಮುಖ ತಿರುಗಿಸಿಕೊಂಡಿದ್ದ ದಡ ಈಗ ದೋಣಿಯ ಬೆನ್ನಿಗಿದೆ. ಸರಪಳಿಯ ಮೇಲೆ ಕೈಯಿಡುತ್ತಾಳೆ. ಲಂಗರು ಜಾರುತ್ತಿದ್ದರೆ ಅದು ಗಡಗಡ ನಡುಗಬೇಕು, ನಡುಗುತ್ತಿಲ್ಲ.

"ಗಾಳಿ ತಿರುಗಿದೆ."

"ಲಂಗರು ಹಿಡಿದಿದೆಯಷ್ಟೆ? ಬೆಳಗಾಗಲಿ, ನೋಡೋಣ," ಎನ್ನುತ್ತಾನೆ ಹಾಸಿಗೆಯೊಳಗಿನ ಗಂಡ.

"ಬೆಳಗಾಗುವ ಹೊತ್ತಿಗೆ ಹೊರಗೆ ಹೋಗಲಾಗದಿದ್ದರೆ?"

ಗಂಡನ ಮಾತೂ ಅವಿವೇಕದ್ದಲ್ಲ. ಕತ್ತಲಲ್ಲಿ ಬಂಡೆಗಳ ನಡುವೆ ಹಾಯಿಯೆತ್ತಿ ಹೋಗುವುದೇನು ಹುಡುಗಾಟವೇ? ಆದರೆ ಇಬ್ಬರೇ ಇರುವ ದೋಣಿಯಲ್ಲಿ ಬಹುಮತಕ್ಕೆ ಎಡೆಯಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚು ಅಂಜಿದವರ ಮಾತೇ ನಡೆಯುವುದು ಲೇಸು. ಧೈರ್ಯವಂತನಿಗೆ ನಷ್ಟವಾಗುವುದು ನಿದ್ರೆಯೊಂದೇ. ಅವನು ಗೊಣಗುತ್ತ ಉಣ್ಣೆಯಂಗಿ ತೊಟ್ಟು ಬರುತ್ತಾನೆ. ಅವಳು ಚುಕ್ಕಾಣಿಗೆ, ಅವನು ಸರಪಳಿಗೆ. ಗಾಳಿಯಲ್ಲಿ ಮಾತು ಕೇಳಿಸದು; ಅವನು ಕೈದೀಪವನ್ನು ಒಂದು ಸಲ ಆಡಿಸಿದರೆ ಲಂಗರು ತಳಬಿಟ್ಟಿತೆಂದು ಅರ್ಥ.

ಪಶ್ಚಿಮಕ್ಕೆ ಎಂಟು ಮೈಲಿಯಾಚೆ, ಅಲೆತಡೆ ಗೋಡೆಗಳು ಸುತ್ತುಗಟ್ಟಿದ ಪೋರ್ಟ್‌ಲೆಂಡ್ ಬಂದರು. ನಸುಕಿನಲ್ಲಿ ಅದರೊಳಗೆ ಲಂಗರು ಬೀಳುವಾಗ ಇಬ್ಬರೂ ತೊಯ್ದು ನಡುಗುತ್ತಿರುತ್ತಾರೆ. ಗಾಳಿ ಮುಂದೆ ಬಲಿತೀತೋ ಇಲ್ಲವೋ, ಲಲ್ವರ್ತಿನಲ್ಲಿಯೇ ಸುಖವಾಗಿ ಮಲಗಿರಬಹುದಾಗಿತ್ತೋ ಏನೋ. ಆ ಮಾತನ್ನು ಅವನು ಎತ್ತುವುದಿಲ್ಲ. ಸೀಮೆಎಣ್ಣೆಯ ಒಲೆ ಹೊತ್ತಿಸಿ ಚಹಕ್ಕೆ ನೀರಿಡುತ್ತಾನೆ. ಅವಳು ಆಗಲೇ ನಿದ್ದೆಹೋಗಿರುತ್ತಾಳೆ.